ಬೆನ್ನು ಕೆರಿ ಅಂದ ನೆಲಸಂಪಿಗೆ

ನಮ್ಮೂರಲ್ಲಿ ಯಾರಾದರೂ ಕೆನ್ನೆ ಉಬ್ಬಿಸಿಕೊಂಡು, ಕೈಯಲ್ಲಿ ಕುರ್ಪಿ ಹಿಡಿದುಕೊಂಡು ಎದುರಿಗೆ ಬಂದರೆ ಮಾತಾಡಿಸಬಾರದು. ಬಾಯಲ್ಲಿ ನೀರಿದೆ, ಗೆಡ್ಡೆ ನೆಡೋಕೆ ಹೊರಟಿದ್ದಾರೆ ಅಂತ ತಿಳಿದುಕೊಂಡು ಪಕ್ಕಕ್ಕೆ ಸರಿದು ಹೋಗಬೇಕು. ಬೇರೆ ಊರಿಂದ ಬಂದವರು ಇದು ಗೊತ್ತಿಲ್ಲದೆ, "ಏನಮ್ಮಾ, ಹಲ್ಲುನೋವಾ?" ಅಂತ ಕೇಳಿ ಬೈಸಿಕೊಂಡದ್ದುಂಟು. ಬೈಗುಳ ಬಿದ್ದದ್ದೂ ತಡವಾಗಿಯೇ ಅನ್ನಿ, ಗೆಡ್ಡೆ ನೆಟ್ಟು ನೀರು ಉಗುಳಿ ಆದಮೇಲೆ.

ನೆಲಸಂಪಿಗೆ ನಮ್ಮ ಗುಡ್ಡದ್ದೇ ಹೂವು. ಕೊರಕಲಿನ ನೆರಳಲ್ಲಿ ತಾನಾಗಿ ಬೆಳೆಯುತ್ತದೆ. ಬೀಜ ಚೆಲ್ಲಿ ಬೆಳೆಸೋ ಗಿಡ ಅಲ್ಲ ಅದು. ಶುಂಠಿ ತುಂಡಿನ ಹಾಗಿರೋ ಗೆಡ್ಡೆ, ಅದರ ಕೆಳಗೆ ದಪ್ಪ ಕಡಲೆಕಾಯಿಯಂಥ ಬೇರುಗಂಟುಗಳು. ಜೀವ ಇರೋ ಗೆಡ್ಡೆಯನ್ನೇ ತಂದು, ಕಣ್ಣು ಮೇಲೆ ಮಾಡಿ, ತೆಳ್ಳಗೆ ಮಣ್ಣು ಮುಚ್ಚಬೇಕು. ಚಳಿಗಾಲಕ್ಕೆ ಎಲೆಯೆಲ್ಲ ಒಣಗಿ ನೆಲ ಬೋಳಾಗುತ್ತದೆ, ಅಲ್ಲೊಂದು ಗಿಡ ಇತ್ತು ಅಂತಲೇ ಗೊತ್ತಾಗಲ್ಲ. ಬೇಸಿಗೆಯ ಮೊದಲ ಮಳೆ ನಾಲ್ಕು ಹನಿ ಬಿದ್ದರೆ ಸಾಕು, ಎಲೆಗಿಂತ ಮೊದಲು ಹೂವೇ ನೆಲ ಸೀಳಿಕೊಂಡು ಬರುತ್ತದೆ. ಬಿಳಿ ಎಸಳು, ಒಳಗೆ ನೇರಳೆ. ಬೆಳಿಗ್ಗೆ ನಾವು ಅಂಗಳ ಗುಡಿಸೋ ಹೊತ್ತಿಗೆ ಅರಳುತ್ತದೆ. ಅರಳುವಾಗ, ನೆಟ್ಟ ದಿನ ಗುಂಡಿ ಹತ್ತಿರ ಯಾರು ಏನು ಅಂದಿದ್ದರೋ ಅದನ್ನ ಅವರದೇ ದನಿಯಲ್ಲಿ ಒಂದು ಸಲ ಹೇಳುತ್ತದೆ. ಆಮೇಲೆ ಸಂಜೆ ತನಕ ಘಮ್ಮಂತ ಸುಮ್ಮನಿರುತ್ತದೆ.

ಹಾಗಾಗಿ ನಮ್ಮಲ್ಲಿ ಮಾನವಂತರ ಮನೆ ಅಂದರೆ ಹೂವು ಬಾಯಿ ಬಿಡದ ಮನೆ. ಬಾಯಿ ತುಂಬ ನೀರು ತುಂಬಿಕೊಂಡೇ ಗುಂಡಿ ತೋಡಬೇಕು, ಗೆಡ್ಡೆ ಇಟ್ಟು ಮಣ್ಣು ಮುಚ್ಚಬೇಕು, ಕೊನೆಗೆ ಆ ನೀರನ್ನೇ ಅದರ ಮೇಲೆ ಉಗುಳಬೇಕು. ಅದೇ ಮೊದಲ ನೀರು. ನಿಮಗೆ ಅಸಹ್ಯ ಅನ್ನಿಸಿದರೆ ಅನ್ನಿಸಲಿ, ನಮಗೆ ಅನ್ನಿಸಲ್ಲ. ಎಷ್ಟೇ ಹುಷಾರಾಗಿದ್ದರೂ ಎಡವಟ್ಟು ಆಗೋದು ಆಗೇ ಆಗುತ್ತದೆ. ಮೇಲಿನ ಕೇರಿಯ ಒಂದು ಮನೆ ಹೂವು ಪ್ರತಿ ಬೇಸಿಗೆ "ಹಾಲು ಉಕ್ತು! ಹಾಲು ಉಕ್ತು!" ಅಂತ ಕಿರುಚುತ್ತದೆ. ಆ ಮನೆಗೆ ಬಂದ ಹೊಸ ಸೊಸೆ, ಪಾಪ, ಒಲೆ ಹತ್ತಿರ ಓಡಿ ಓಡಿ ಸಾಕಾದಳು. ಮೇಷ್ಟ್ರೊಬ್ಬರು ಮಕ್ಕಳಿಗೆ ಉಪಯೋಗ ಆಗಲಿ ಅಂತ ಬೇಕಂತಲೇ ಹದಿಮೂರರ ಮಗ್ಗಿ ಹೇಳುತ್ತ ನೆಟ್ಟರು. ಅರ್ಧಕ್ಕೆ ತಪ್ಪಿತು. ಈಗ ಆ ಬೀದಿಯ ಮಕ್ಕಳೆಲ್ಲ ಅದನ್ನ ತಪ್ಪಾಗಿಯೇ ಒಪ್ಪಿಸುತ್ತವೆ. ಇನ್ನು ಅಂಗಡಿಬೀದಿಯ ಮೂಲೆ ಮನೆಯ ಹೂವು ಏನು ಹೇಳುತ್ತದೆ ಅನ್ನೋದನ್ನ ನಾನು ನನ್ನ ಬಾಯಿಂದ ಹೇಳೋಳಲ್ಲ. ಬೀಗರು ಬರ್ತೀವಿ ಅಂದರೆ ಆ ಮನೆಯವರು ಬೇಸಿಗೆ ಕಳೀಲಿ ಅಂತಾರೆ.

ನಮ್ಮ ಮನೆ ಹೂವು ಹೇಳೋದನ್ನ ಮಾತ್ರ ಹೇಳುತ್ತೇನೆ, ಯಾಕೆಂದರೆ ಊರಿಗೆಲ್ಲ ಗೊತ್ತಿರೋದೇ. ಹೊಸದಾಗಿ ಮದುವೆಯಾಗಿ ಬಂದ ಹೆಣ್ಣು ತವರಿಂದ ಒಂದು ಗೆಡ್ಡೆ ತರಬೇಕು, ಗಂಡ ಹೆಂಡತಿ ಕೂಡಿ ಅಂಗಳದಲ್ಲಿ ನೆಡಬೇಕು. ಮನೆಮಂದಿಯೆಲ್ಲ ಬಾಯಿ ಬಿಗಿಹಿಡಿದು ನೋಡುತ್ತ ನಿಂತಿರುತ್ತಾರೆ. ನನ್ನ ಹೆಸರು ಪುಟ್ಟಗೌರಿ. ನಮ್ಮನೆಯವರ ಹೆಸರು ಹೇಳಬಾರದು ಅಂತಿತ್ತು ಆಗ, ಈಗ ಹೇಳಿದರೆ ಕೇಳೋರು ಯಾರು: ಮರಿಸ್ವಾಮಿ. ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದರು. ಹಗಲೆಲ್ಲ ಕೈ ಗ್ರೀಸು. ಆ ಕೈಯಲ್ಲಿ ಮೈ ಮುಟ್ಟಿಕೊಳ್ಳೋ ಹಾಗಿಲ್ಲ, ಅದಕ್ಕೆ ಬೆನ್ನು ಕೆರೆಸಿಕೊಳ್ಳೋದೇನಿದ್ದರೂ ಬೇರೆಯವರ ಕೈಯಲ್ಲೇ. ಅದು ನನಗೆ ಆವಾಗ ಎಲ್ಲಿ ಗೊತ್ತಿತ್ತು?

ಅವತ್ತು ಇಬ್ಬರೂ ಜಗಲಿ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದೆವು, ಕೆನ್ನೆ ಉಬ್ಬಿಸಿಕೊಂಡು, ಕೈಯೆಲ್ಲ ಮಣ್ಣು. ನಾನು ಗೆಡ್ಡೆ ಇಟ್ಟೆ, ಅವರು ಮಣ್ಣು ಎಳೆಯುತ್ತಿದ್ದರು. ನಡುವೆ ಇದ್ದಕ್ಕಿದ್ದ ಹಾಗೆ ಭುಜ ಕುಣಿಸೋಕೆ ಶುರುಮಾಡಿದರು. ಎಡಕ್ಕೊಂದು ಸಲ, ಬಲಕ್ಕೊಂದು ಸಲ. ಏನಪ್ಪಾ ಇದು ಅಂತ ನಾನು ಓರೆಗಣ್ಣಲ್ಲಿ ನೋಡುತ್ತಿದ್ದೇನೆ, ಮನುಷ್ಯ ಗುಟುಕ್ಕಂತ ನೀರು ನುಂಗಿ, "ಲೇ, ಬೆನ್ನು ಒಸಿ ಕೆರಿಯೇ" ಅಂದುಬಿಟ್ಟರು.

ಅರಿಶಿನ ಇನ್ನೂ ಮೈಮೇಲಿತ್ತು ನನಗೆ. ಅದುವರೆಗೆ ಅವರು ನನ್ನ ಹತ್ತಿರ ನೆಟ್ಟಗೆ ಒಂದು ಮಾತಾಡಿರಲಿಲ್ಲ. ಗಂಡ ಅನ್ನಿಸಿಕೊಂಡವರು ನನಗೆ ಆಡಿದ ಮೊದಲ ಮಾತು ಅದು, ಅದೂ ಅತ್ತೆ ಮಾವ ಎಲ್ಲರ ಎದುರಿಗೆ, ಅದೂ ಗುಂಡಿಯ ಮೇಲೆ! ಅತ್ತೆ ಹಣೆ ಹಣೆ ಚಚ್ಚಿಕೊಂಡರು. ನನ್ನ ನಾದಿನಿ ಚಿಕ್ಕತಾಯಿ ಆಗ ಲಂಗ ಹಾಕೋ ಹುಡುಗಿ, ನಗು ತಡೆಯೋಕೆ ಲಂಗದ ಅಂಚನ್ನೇ ಬಾಯಿಗೆ ತುರುಕಿಕೊಂಡಳು. ನನ್ನ ಬಾಯಲ್ಲಿ ನೀರು. ಏನು ಹೇಳಲಿ? ಕಣ್ಣಲ್ಲೇ ಸುಟ್ಟುಬಿಡೋ ಹಾಗೆ ಅವರನ್ನ ನೋಡಿ, ಮಣ್ಣು ಮುಚ್ಚಿ, ನೀರು ಉಗುಳಿ, ದುಡುದುಡು ಒಳಗೆ ಹೋದೆ.

ಬೇಸಿಗೆ ಬಂತು, ಹೂವೂ ಬಂತು. "ಲೇ, ಬೆನ್ನು ಒಸಿ ಕೆರಿಯೇ." ಹಾಲು ಹಾಕೋಕೆ ಬಂದಿದ್ದ ಬೆಟ್ಟಯ್ಯ ಬೇಲಿ ಹತ್ತಿರ ನಿಂತು ಕೇಳಿಸಿಕೊಂಡ. ಆ ಹೊತ್ತಿಗೆ ಅವನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ, ಆದರೂ ಎಂಥ ತರಲೆ! "ಕೆರೆದ್ರಾ ಗೌರಕ್ಕಾ?" ಅಂದ. ಅಲ್ಲಿಂದ ಮುಂದೆ ಪ್ರತಿ ಬೇಸಿಗೆ, ಪ್ರತಿ ದಿನ, ಅವನದು ಅದೇ ಮಾತು. ಅತ್ತೆ "ಅದನ್ನ ಕಿತ್ತು ಇನ್ನೊಂದ್ಸಲ ನೆಡು ತಾಯಿ, ಮರ್ಯಾದೆ ಹೋಗ್ತಿದೆ" ಅಂದರು. ನಾನು ಕುರ್ಪಿ ತಗೊಂಡು ಹೋದೆ. ನಮ್ಮನೆಯವರು ಅಡ್ಡ ಬಂದು ನಿಂತು, "ಇರಲಿ ಬಿಡು" ಅಂದರು. ಅಷ್ಟೇ ಅಂದದ್ದು, ಜಾಸ್ತಿ ಮಾತಿನವರಲ್ಲ ಅವರು. ಇದ್ದ ಮಾತನ್ನೆಲ್ಲ ಅವತ್ತು ಗುಂಡಿ ಹತ್ತಿರವೇ ಖರ್ಚು ಮಾಡಿದ್ದರು ಅಂತ ಕಾಣುತ್ತೆ.

ಗಿಡ ದಟ್ಟವಾಯಿತು. ಕೆಲವು ಬೆಳಿಗ್ಗೆ ಒಂದರ ಹಿಂದೆ ಒಂದು ಅರಳಿ, ಲೇ, ಲೇ, ಲೇ ಅಂತ ಶುರುಮಾಡಿದರೆ ಮನೆ ತುಂಬ ಗಂಡಂದಿರು ಇದ್ದ ಹಾಗೆ ಆಗೋದು. ಇವರು ಹಲ್ಲುಜ್ಜುತ್ತ ಬಂದು, ನನ್ನ ಕಡೆ ಬೆನ್ನು ತಿರುಗಿಸಿ ನಿಲ್ಲೋರು. "ನಾನಲ್ಲ ಕಣೇ ಕೇಳಿದ್ದು, ಹೂವು." "ಹಂಗಾದ್ರೆ ಹೂವನ್ನೇ ಕೆರೀತೀನಿ ಬಿಡಿ" ಅನ್ನುತ್ತಿದ್ದೆ. ಅನ್ನುತ್ತಲೇ ಕೆರೆಯುತ್ತಿದ್ದೆ. ನಮಗೆ ಮಕ್ಕಳಾಗಲಿಲ್ಲ. ಚಿಕ್ಕತಾಯಿಯನ್ನ ಎದುರುಮನೆಗೇ ಕೊಟ್ಟಿದ್ದರಿಂದ ಅವಳ ಮಕ್ಕಳೇ ನಮ್ಮ ಮನೆಯಲ್ಲಿ ಉಂಡು ಬೆಳೆದವು. ಹಾಗೇ ದಿನ ಹೋಯಿತು, ಚೆನ್ನಾಗೇ ಹೋಯಿತು.

ಅವರು ಹೋದದ್ದು ಮಳೆಗಾಲದಲ್ಲಿ. ಅಂಗಡಿಯಿಂದ ಬಂದು ಎದೆ ಒತ್ತುತ್ತಿದೆ ಅಂದವರು ಮತ್ತೆ ಏಳಲಿಲ್ಲ. ಆ ಗಲಾಟೆಯಲ್ಲಿ, ಆಮೇಲಿನ ಅಳುವಿನಲ್ಲಿ, ನನಗೆ ಹೂವು ನೆನಪೇ ಆಗಲಿಲ್ಲ. ಮುಂದಿನ ಬೇಸಿಗೆ ಒಂದು ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದೇನೆ, ಬೆನ್ನ ಹಿಂದೆ ಅದೇ ದನಿ, "ಲೇ, ಬೆನ್ನು ಒಸಿ ಕೆರಿಯೇ." ಪೊರಕೆ ಹಿಡಿದುಕೊಂಡು ಹಾಗೇ ನೆಲದ ಮೇಲೆ ಕೂತುಬಿಟ್ಟೆ. ಆ ದನಿಯಲ್ಲಿ ಇನ್ನೂ ಇಪ್ಪತ್ತರ ಹುಡುಗನ ಗಂಟಲಿತ್ತು. ಗೋಳೋ ಅಂತ ಅತ್ತುಬಿಟ್ಟೆ. ಬೆಟ್ಟಯ್ಯ ಹಾಲಿನ ಪಾತ್ರೆ ಮೆಟ್ಟಿಲ ಮೇಲಿಟ್ಟು ಏನೂ ಕೇಳದೆ ಹೋದ. ಅವತ್ತಿಂದ ಅವನು ಕೇಳೋದನ್ನೇ ಬಿಟ್ಟ.

ಚಿಕ್ಕತಾಯಿ ಮಾತ್ರ ದಿನಾ ಕಾಫಿ ಲೋಟ ಹಿಡಿದುಕೊಂಡು ಬಂದು ಜಗಲಿ ಮೇಲೆ ಕೂರೋಳು. ಹೂವು ಹೇಳೋ ತನಕ ಕಾಫಿ ಕುಡಿಯೋಳಲ್ಲ. ಹೇಳಿದ ಮೇಲೆ ಸೆರಗಲ್ಲಿ ಮೂಗು ಒರೆಸಿಕೊಂಡು, ತಣ್ಣಗಾದ ಕಾಫಿ ಕುಡಿದು, "ಬರ್ತೀನಿ ಅತ್ಗೆ" ಅಂತ ಹೋಗೋಳು. ನನಗೂ ಅವಳಿಗೂ ಹೇಳಿಕೊಳ್ಳುವಂಥ ಸ್ನೇಹ ಎಂದೂ ಇರಲಿಲ್ಲ. ನನ್ನ ಸಾರಿಗೆ ಉಪ್ಪು ಜಾಸ್ತಿ ಅಂತ ಅವಳು, ಅವಳ ನಾಲಿಗೆಗೆ ಉಪ್ಪೇ ಇಲ್ಲ ಅಂತ ನಾನು. ಆದರೆ ಆ ಬೆಳಿಗ್ಗೆಗಳಲ್ಲಿ ನಾವಿಬ್ಬರೂ ಒಂದೇ ಕಡೆ ಕಿವಿಗೊಟ್ಟು ಕೂತಿರುತ್ತಿದ್ದೆವು.

ಮಾತಾಡೋ ಹೂವಿಗೆ ಆಯಸ್ಸು ಕಡಿಮೆ. ಯಾಕೆಂದರೆ ನೆಲಸಂಪಿಗೆ ಒಂದೇ ಜಾಗದಲ್ಲಿ ಬಹಳ ವರ್ಷ ಇದ್ದರೆ ಗೆಡ್ಡೆಗಳು ಒಂದಕ್ಕೊಂದು ಒತ್ತಿಕೊಂಡು, ನಡುಮಧ್ಯ ಉಸಿರುಕಟ್ಟಿ ಸಾಯುತ್ತವೆ. ಅದಕ್ಕೆ ಆಗಾಗ ಅಗೆದು, ಬಿಡಿಸಿ, ಬೇರೆ ಕಡೆ ನೆಡಬೇಕು. ಸುಮ್ಮನಿರೋ ಹೂವಾದರೆ ತೊಂದರೆಯಿಲ್ಲ. ಮಾತಾಡೋದನ್ನ ನೆಲದಿಂದ ಎತ್ತಿದರೆ ಹಳೇ ಮಾತು ಹೋಗುತ್ತದೆ, ಹೊಸದಾಗಿ ನೆಡುವಾಗ ಕೇಳಿದ್ದೇ ಉಳಿಯುತ್ತದೆ. ಹಾಗಾಗಿ ಪ್ರೀತಿಯ ದನಿ ಇದ್ದರೆ ಯಾರೂ ಅಗೆಯಲ್ಲ. ಅಗೆಯದೆ ಇದ್ದದ್ದಕ್ಕೇ ಅದು ಸಾಯುತ್ತದೆ.

ನಮ್ಮದು ಸಾಯೋಕೆ ಇನ್ನೂ ಒಂದು ಕಾರಣವಿತ್ತು, ಅದು ಆಮೇಲೆ ಗೊತ್ತಾಯಿತು. ಚಳಿಗಾಲದಲ್ಲಿ ಆ ಬೋಳು ನೆಲ ನೋಡೋಕೆ ನನಗೆ ಆಗುತ್ತಿರಲಿಲ್ಲ. ಗೆಡ್ಡೆ ಮಲಗಿರೋ ಕಾಲ, ನೀರು ಹಾಕಬಾರದು ಅಂತ ಚಿಕ್ಕ ಮಗುವಿಗೂ ಗೊತ್ತು. ಗೊತ್ತಿದ್ದೂ ಸಂಜೆ ಹೊತ್ತು ಒಂದು ಚೊಂಬು ಹಾಕಿಬಿಡುತ್ತಿದ್ದೆ, ಒಳಗೆ ಅವರಿಗೆ ಬಾಯಾರಿದ್ದರೆ ಅನ್ನೋ ಹಾಗೆ. ಹೀಗೇ ಕೆಲವು ವರ್ಷ ಕಳೆದು, ಒಂದು ಬೇಸಿಗೆ ಒಂದೇ ಒಂದು ಹೂವು ಬಂತು. ವಾರಗಟ್ಟಲೆ ಕಾದಮೇಲೆ ಬಂತು. ಎಸಳು ಪೂರ್ತಿ ಬಿಚ್ಚಲೇ ಇಲ್ಲ. "ಲೇ, ಬೆ..." ಅಂತು. ಅಷ್ಟಕ್ಕೇ ನಿಂತುಹೋಯಿತು. ಚಿಕ್ಕತಾಯಿ ಕೈಯಲ್ಲಿದ್ದ ಲೋಟ ಜಾರಿ ಮೆಟ್ಟಿಲ ಮೇಲೆ ಉರುಳಿತು.

ಹಿಂದಿನ ಮನೆಯ ಜವರಯ್ಯ ಬಂದು ನೋಡಿದ. ಅವನ ಅಂಗಳದಲ್ಲಿ ಅವರಪ್ಪನ ಕೆಮ್ಮು ಇತ್ತು. ದಪ್ಪ ಕೆಮ್ಮು, ಕೊನೆಯಲ್ಲಿ ಒಂದು "ಅಯ್ಯಪ್ಪಾ." ಅವನು ಅದನ್ನ ಮುಟ್ಟದೆ, ಸುತ್ತ ಕಲ್ಲು ಜೋಡಿಸಿ, ದೇವರ ಹಾಗೆ ಕಾಪಾಡಿದ್ದ. "ನೋಡು ಗೌರಕ್ಕ, ನಾನು ಬಿಡಿಸಲಿಲ್ಲ. ಈಗ ಕೆಮ್ಮೂ ಇಲ್ಲ, ಹೂವೂ ಇಲ್ಲ. ಕಲ್ಲು ಮಾತ್ರ ಇದೆ" ಅಂದ. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಹೋದ.

ಆ ಮಾತು ನನ್ನ ತಲೆಯಲ್ಲಿ ಮಳೆಗಾಲವೆಲ್ಲ ಕೊರೆಯಿತು. ಬಿಡಿಸಿದರೆ ದನಿ ಹೋಗುತ್ತೆ. ಬಿಡಿಸದಿದ್ದರೆ ದನಿಯೂ ಹೋಗುತ್ತೆ, ನಾನು ತವರಿಂದ ಸೆರಗಲ್ಲಿ ಕಟ್ಟಿಕೊಂಡು ಬಂದ ಗೆಡ್ಡೆಯೂ ಹೋಗುತ್ತೆ, ಅವರ ಕೈಯೂ ನನ್ನ ಕೈಯೂ ಕೂಡಿ ನೆಟ್ಟದ್ದು ಅಂತ ಈ ಮನೆಯಲ್ಲಿ ಉಳಿದಿರೋದು ಅದೊಂದೇ. ಶಿವರಾತ್ರಿ ಕಳೆದು, ಗೆಡ್ಡೆ ಇನ್ನೂ ಮಲಗಿರುವಾಗಲೇ ಎತ್ತಬೇಕು ಅಂತ ಗಟ್ಟಿಮಾಡಿಕೊಂಡೆ. ಚಿಕ್ಕತಾಯಿಗೆ ಹೇಳದೆ ಮಾಡೋದು ಸರಿಯಲ್ಲ, ಅವಳಿಗೂ ಅಣ್ಣನಲ್ಲವಾ? ಹೋಗಿ ಹೇಳಿದೆ.

ಅಯ್ಯೋ, ಅವಳ ಬಾಯಿ! "ನಮ್ಮಣ್ಣನ್ನ ಎರಡನೇ ಸಲ ಸಾಯಿಸ್ತೀಯಾ ಅತ್ಗೆ? ಅದನ್ನ ಮುಟ್ಟಿದ್ರೆ ನನ್ನ ಹೆಣ ನೋಡ್ತೀಯ!" "ನಿನ್ನ ಹೆಣ ನೋಡೋಕೆ ನನಗೆ ಪುರುಸೊತ್ತಿಲ್ಲ ಕಣೇ, ಮೊದಲು ಗಿಡ ನೋಡಬೇಕು" ಅಂದೆ. ಅವಳು ಸೀದಾ ತನ್ನ ಮನೆಯಿಂದ ಮಣೆ ತಂದಳು, ನಮ್ಮ ಜಗಲಿ ಮುಂದೆ ಆ ಬೋಳು ನೆಲದ ಮೇಲೆ ಹಾಕಿಕೊಂಡು ಕೂತಳು. ನಾನು ಕುರ್ಪಿ ಹಿಡಿದು ಹೋದರೆ ಕಾಲು ಚಾಚಿಕೊಂಡಳು. ಬಿಸಿಲೇರಿತು. ಕೂತವಳು ಏಳಲಿಲ್ಲ. ಬೀದಿಯವರೆಲ್ಲ ಬೇಲಿ ಹತ್ತಿರ ಬಂದು ನಿಂತು ನೋಡಿ ಹೋದರು. ಮಧ್ಯಾಹ್ನ ನಾನೇ ಅಲ್ಲಿಗೆ ಮುದ್ದೆ ಸಾರು ತಂದುಕೊಟ್ಟೆ. ಉಂಡಳು. ಉಪ್ಪು ಜಾಸ್ತಿ ಅಂತಲೂ ಅಂದಳು.

ಅವಳು ಉಂಡು ಕೈ ತೊಳೆದದ್ದೇ ತಡ, ಆ ನೀರನ್ನ ಮಣೆ ಪಕ್ಕದಲ್ಲಿ ಮೆಲ್ಲಗೆ, ಗೆಡ್ಡೆಗೆ ಇಳಿಯೋ ಹಾಗೆ ಬಗ್ಗಿಸಿದ್ದು ನನ್ನ ಕಣ್ಣಿಗೆ ಬಿತ್ತು. ಬಗ್ಗಿಸಿದ ಆ ಕೈಗೆ ಅದು ಅಭ್ಯಾಸ ಅಂತ ಗೊತ್ತಾಗಿಹೋಯಿತು. "ಚಿಕ್ಕತಾಯಿ, ನೀನು ಇದಕ್ಕೆ ನೀರು ಹಾಕ್ತೀಯಾ?" ಅಂದೆ. ಅವಳು ತಲೆ ತಗ್ಗಿಸಿದಳು. "ದಿನಾ ಇಲ್ಲ ಅತ್ಗೆ. ನೀನು ಬಚ್ಚಲಿಗೆ ಹೋದಾಗ ಒಂದು ಲೋಟ. ಶುಕ್ರವಾರ ಒಸಿ ಮಜ್ಜಿಗೆ. ಅಣ್ಣಂಗೆ ಮಜ್ಜಿಗೆ ಅಂದ್ರೆ ಇಷ್ಟ." ನಾನು ಅವಳ ಪಕ್ಕ ಕೂತೆ. "ನಾನು ಸಂಜೆ ಒಂದು ಚೊಂಬು ಹಾಕ್ತೀನಿ ಕಣೇ" ಅಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳ ಕೈ ಹಿಡಿದು ಮಣ್ಣಿನೊಳಗೆ ತುರುಕಿ, "ಈಗ ಮೂಸಿ ನೋಡು" ಅಂದೆ. ಬೆರಳು ಮೂಸಿದಳು. ಕೊಳೆತ ವಾಸನೆ. ಚಿಕ್ಕತಾಯಿ ಎದ್ದು, ಮಣೆ ಎತ್ತಿ ಗೋಡೆಗೆ ಒರಗಿಸಿದಳು.

ನಾನು ಅಗೆದೆ. ದೂರದಿಂದ ಶುರುಮಾಡಿ, ಮಣ್ಣು ಸಡಿಲ ಮಾಡುತ್ತ ಮಾಡುತ್ತ ಒಳಗೆ ಬಂದೆ. ನಡುವಿನದ್ದೆಲ್ಲ ಕೈಗೆ ಸಿಕ್ಕಿದರೆ ಗೊಜ್ಜು. ಅಂಚಿನಲ್ಲಿ ಮಾತ್ರ, ಜಗಲಿ ಕಲ್ಲಿನ ಕಡೆಗೆ, ನಾಲ್ಕಾರು ತುಂಡು ಗಟ್ಟಿಯಾಗಿದ್ದವು. ಒತ್ತಿದರೆ ಮೆತ್ತಗಾಗಲಿಲ್ಲ. ಒಂದೊಂದರ ತುದಿಯಲ್ಲಿ ಕೆಂಪಗೆ ಕಣ್ಣು. "ಇಷ್ಟೇನಾ ಅತ್ಗೆ ನಮ್ಮಣ್ಣ?" ಅಂತ ಚಿಕ್ಕತಾಯಿ ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ. ಅಳುತ್ತಲೇ ಕೊಳೆತದ್ದನ್ನ ಚಾಕುವಿನಲ್ಲಿ ಕೊಯ್ದು ತೆಗೆದೆ, ಕೊಯ್ದ ಗಾಯಕ್ಕೆ ಒಲೆಬೂದಿ ಹಚ್ಚಿದೆ, ಮೊರದಲ್ಲಿ ಹರಡಿ ನಡುಮನೆ ನೆರಳಲ್ಲಿ ಆರೋಕೆ ಇಟ್ಟೆ. ಹಳೇ ಗುಂಡಿಗೆ ಬೂದಿ, ಒಣಮಣ್ಣು ತುಂಬಿ ಮುಚ್ಚಿದೆ.

ಗಾಯ ಆರೋ ಆ ನಾಲ್ಕು ದಿನ ನಮಗೆ ಒಂದೇ ಯೋಚನೆ. ಏನು ಹೇಳಿ ನೆಡೋದು? ಚಿಕ್ಕತಾಯಿ, "ನಾನು ಅಣ್ಣನ ಹಂಗೇ ಮಾತಾಡ್ತೀನಿ, ಚಿಕ್ಕವಳಿದ್ದಾಗ ಅಣಕಿಸ್ತಿದ್ದೆ" ಅಂದಳು. ಗಂಟಲು ದಪ್ಪ ಮಾಡಿಕೊಂಡು, "ಲೇ, ಬೆನ್ನು ಒಸಿ ಕೆರಿಯೇ" ಅಂದಳು. ಹೆಚ್ಚೂಕಡಿಮೆ ಹಾಗೇ ಇತ್ತು. ಅದೇ ತಡೆಯೋಕಾಗಲಿಲ್ಲ. ಅವಳಿಗೂ ಹಾಗೇ ಆಗಿರಬೇಕು, ತಾನೇ ಬಾಯಿ ಮುಚ್ಚಿಕೊಂಡಳು. "ಬೇಡ ಅತ್ಗೆ." "ಬೇಡ ಕಣೇ" ಅಂದೆ. ಹೋದವರ ದನಿ ಅವರದೇ ಆಗಿರಲಿ. ಬಾಯಲ್ಲಿ ನೀರು ಇಟ್ಟುಕೊಂಡು ಮರ್ಯಾದಸ್ಥರ ಹಾಗೆ ನೆಟ್ಟುಬಿಡೋಣ, ಬರೀ ಹೂವಾದರೂ ಇರಲಿ ಅಂತ ಮಾತಾಡಿಕೊಂಡೆವು.

ಕರಿಬೇವಿನ ಮರದ ಕೆಳಗೆ ಹೊಸ ಜಾಗ ಮಾಡಿದೆ, ಬೆಳಗಿನ ಬಿಸಿಲು ಬಂದು ಮಧ್ಯಾಹ್ನ ನೆರಳಾಗೋ ಕಡೆ. ನೀರು ನಿಲ್ಲದ ಹಾಗೆ ಮಣ್ಣು ಏರಿಸಿ, ಮರಳು, ಕೊಳೆತ ತರಗೆಲೆ ಬೆರೆಸಿದೆ. ಇಬ್ಬರೂ ಬಾಯಿ ತುಂಬ ನೀರು ತುಂಬಿಕೊಂಡು ಎದುರುಬದುರು ಕೂತೆವು. ಒಂದು ಕೈ ಅಂತರಕ್ಕೆ ಒಂದೊಂದು ಗುಂಡಿ. ನಾನು ಗೆಡ್ಡೆ ಇಡೋದು, ಅವಳು ಬೇರುಗಂಟು ಮುರಿಯದ ಹಾಗೆ ಮಣ್ಣು ಎಳೆಯೋದು. ಬೆಳಗಿನ ತಂಪು. ಚೆನ್ನಾಗಿಯೇ ನಡೆಯುತ್ತಿತ್ತು.

ಕೊನೇ ಗೆಡ್ಡೆ ಇಟ್ಟೆ. ಚಿಕ್ಕತಾಯಿ ಮಣ್ಣಿಗೆ ಕೈ ಹಾಕಿದವಳು ನಿಂತಳು. ಭುಜ ಕುಣಿಸಿದಳು. ಎಡಕ್ಕೊಂದು ಸಲ, ಬಲಕ್ಕೊಂದು ಸಲ. ಕಣ್ಣು ಅರಳಿಸಿಕೊಂಡು ಮತ್ತೆ ಎಡಕ್ಕೆ. ಕೈಯೆಲ್ಲ ಮಣ್ಣು, ಬಾಯಲ್ಲಿ ನೀರು, ಕರಿಬೇವಿನ ಮರದಿಂದ ಏನು ಬಿತ್ತೋ ರವಿಕೆಯೊಳಗೆ, ಒದ್ದಾಡುತ್ತಿದ್ದಾಳೆ. ಆದರೂ ತುಟಿ ಬಿಚ್ಚಲಿಲ್ಲ, ಜಾಣೆ. ಆ ಮನೆತನದ ಬೆನ್ನೇ ಹಾಗೆ ಇರಬೇಕು. ಆ ಭುಜ ನೋಡುತ್ತ ನೋಡುತ್ತ ನನಗೆ ಎದುರಿಗೆ ಕೂತಿರೋದು ಯಾರು ಅನ್ನೋದೇ ಒಂದು ಗಳಿಗೆ ಮರೆತುಹೋಯಿತು. ಗುಟುಕ್ಕಂತ ನೀರು ನುಂಗಿದೆ, ಮಣ್ಣುಕೈಯನ್ನೇ ಅವಳ ಬೆನ್ನಿಗೆ ಹಾಕಿ, "ಎಲ್ಲಿ? ಇಲ್ಲಾ? ಒಸಿ ಕೆಳಗಾ?" ಅಂದೆ.

ಅಂದಮೇಲೆ ಗೊತ್ತಾಯಿತು ಏನು ಅಂದೆ ಅಂತ. ಚಿಕ್ಕತಾಯಿ ನನ್ನ ಮುಖ ನೋಡಿದಳು. ಅವಳ ಕೆನ್ನೆ ನಡುಗಿತು, ಮೂಗಿಂದ ಬಾಯಿಂದ ನೀರೆಲ್ಲ ಬುಸ್ಸಂತ ಗುಂಡಿ ಮೇಲೆ ಹಾರಿತು, ಆಮೇಲೆ ನಗು. ಲಂಗದ ಅಂಚು ಕಚ್ಚಿಕೊಂಡು ತಡೆದಿದ್ದಳಲ್ಲ ಆವತ್ತು, ಆ ನಗುವೂ ಸೇರಿ ಬಂತೇನೋ. ನಾನು ಬೆನ್ನು ಕೆರೆಯುತ್ತ ಕೆರೆಯುತ್ತ ನಕ್ಕೆ, ನಗುತ್ತ ಅತ್ತೆ. ಸುಧಾರಿಸಿಕೊಂಡು, ಮಣ್ಣು ಮುಚ್ಚಿ, ಜಗಲಿಗೆ ಬಂದಮೇಲೆ ಅವಳು ಅಂದಳು, "ಊರೆಲ್ಲ ನಗುತ್ತೆ ಅತ್ಗೆ. ಕಿತ್ತು ಇನ್ನೊಂದ್ಸಲ ನೆಡೋಣ್ವಾ?" ನಾನು "ಇರಲಿ ಬಿಡು" ಅಂದೆ.

ಆ ಬೇಸಿಗೆ ಹೂವು ಬರಲಿಲ್ಲ. ಬಿಡಿಸಿ ನೆಟ್ಟ ವರ್ಷ ಅದು ಮುನಿಸಿಕೊಂಡಿರುತ್ತದೆ, ಗೊತ್ತಿರೋದೇ. ಮಳೆ ಬಿದ್ದಮೇಲೆ ಎಲೆ ಬಂತು, ಅಗಲವಾಗಿ, ಮೇಲೆ ಬೂದು ಪಟ್ಟೆ, ಕೆಳಗೆ ನೇರಳೆ. ಒಂದು ಗೆಡ್ಡೆಯೂ ಹುಸಿ ಹೋಗಿರಲಿಲ್ಲ. ನಾನು ಎಲೆಗಳನ್ನ ಸವರಿ ಸವರಿ ನೋಡಿದೆ. ಕಳೆ ಕಿತ್ತೆ, ಬಸವನಹುಳ ಆರಿಸಿದೆ. ಚಳಿಗಾಲಕ್ಕೆ ಎಲೆ ಒಣಗಿದಾಗ ಮಾತ್ರ ನಮಗೆ ನಿಜವಾದ ಕಷ್ಟ ಶುರುವಾಯಿತು. "ನೀರು ಹಾಕಿದ್ಯಾ?" "ಇಲ್ಲ. ನೀನು?" "ಇಲ್ಲ." "ಮಜ್ಜಿಗೆ?" "ಇಲ್ಲ ಅಂದ್ನಲ್ಲ ಅತ್ಗೆ!" ಹೀಗೆ ದಿನಾ. ನನ್ನ ಚೊಂಬನ್ನ ಅವಳು ಅಡಗಿಸಿಟ್ಟಳು, ಅವಳ ಲೋಟದ ಮೇಲೆ ನಾನು ಕಣ್ಣಿಟ್ಟೆ. ಕೈಕಟ್ಟಿಕೊಂಡು ಕೂರೋದು ಎಂಥ ಕೆಲಸ ಅಂತ ಮಾಡಿದವರಿಗೇ ಗೊತ್ತು.

ಮರುಬೇಸಿಗೆಯ ಮೊದಲ ಮಳೆ ಒಂದು ಸಂಜೆ ಹುಯ್ದು ಹೋಯಿತು. ಅದಾದ ವಾರಕ್ಕೆ ಕರಿಬೇವಿನ ಕೆಳಗೆ ಮೊಗ್ಗು ನೆಲ ಸೀಳಿತು. ಮೊದಲ ಹೂವು ಅರಳಿದಾಗ ನಾವಿಬ್ಬರೂ ಜಗಲಿ ಮೇಲಿದ್ದೆವು. "ಎಲ್ಲಿ? ಇಲ್ಲಾ? ಒಸಿ ಕೆಳಗಾ?" ಅಂತು, ನನ್ನದೇ ಗಂಟಲು, ಅದರ ಬೆನ್ನಿಗೆ ಚಿಕ್ಕತಾಯಿಯ ನಗು. ನನ್ನ ದನಿ ಅಷ್ಟು ಮೆತ್ತಗಿದೆ ಅಂತ ನನಗೆ ಗೊತ್ತಿರಲಿಲ್ಲ. ಬೀದಿಗೆ ಬೀದಿಯೇ ಬಂದು ಕೇಳಿತು. ಬೆಟ್ಟಯ್ಯ ನಕ್ಕು ನಕ್ಕು ಹಾಲಿನ ಕ್ಯಾನ್ ಹಿಡಿದುಕೊಂಡೇ ಕೂತುಬಿಟ್ಟ. ಈಗವನ ಮೀಸೆ ಬೆಳ್ಳಗಾಗಿದೆ. ಜವರಯ್ಯ ಬಂದು, "ನನಗೊಂದು ಗೆಡ್ಡೆ ಕೊಡ್ತೀಯಾ ಗೌರಕ್ಕ, ಆ ಕಲ್ಲಿನ ನಡುವೆ ಹಾಕ್ತೀನಿ. ಮೊಮ್ಮಕ್ಕಳು ಏನು ಬೇಕಾದ್ರೂ ಕೂಗಲಿ" ಅಂದ. ದಟ್ಟವಾಗಲಿ, ಬಿಡಿಸಿ ಕೊಡ್ತೀನಿ ಅಂದೆ.

ಇಷ್ಟಕ್ಕೇ ಮುಗಿದಿದ್ದರೂ ನಾನು ತೃಪ್ತಿಯಾಗಿ ಇರುತ್ತಿದ್ದೆ. ಹೂವಿನ ಕಾಲ ಮುಗಿಯೋ ಹೊತ್ತಿಗೆ ಒಂದು ಬೆಳಿಗ್ಗೆ, ನಾನು ಪೊರಕೆ ಹಿಡಿದು ಜಗಲಿ ಬುಡ ಗುಡಿಸುತ್ತಿದ್ದೆ. ಹಳೇ ಗುಂಡಿ ಜಾಗದಲ್ಲಿ, ಜಗಲಿ ಕಲ್ಲಿಗೆ ಅಂಟಿದ ಹಾಗೆ, ಬೂದಿಮಣ್ಣು ಒಂದಿಷ್ಟು ಬಿರಿದಿತ್ತು. ಪೊರಕೆ ನಿಂತಿತು. ಕಲ್ಲಿನ ಕೆಳಗೆ ಒಂದು ಚೂರು ಗೆಡ್ಡೆ ಉಳಿದಿರಬೇಕು, ನಾನು ಎತ್ತದೇ ಇದ್ದದ್ದು, ನನ್ನ ಕೈ ಹೋಗದೇ ಇದ್ದಲ್ಲಿ. ಬೆರಳಿನಷ್ಟು ಸಣ್ಣ ಮೊಗ್ಗು. "ಚಿಕ್ಕತಾಯೀ!" ಅಂತ ಕೂಗಿದೆ. ಅವಳು ಕಾಫಿ ಲೋಟ ಅಲ್ಲೇ ಬಿಟ್ಟು ಬೀದಿ ದಾಟಿ ಓಡಿಬಂದಳು. ಹಾಲು ಹಾಕೋಕೆ ಬಂದಿದ್ದ ಬೆಟ್ಟಯ್ಯ ಬೇಲಿ ಹತ್ತಿರವೇ ನಿಂತ.

ಎಸಳು ಒಂದೊಂದಾಗಿ ಬಿಚ್ಚಿತು. "ಲೇ" ಅಂತು. ಅಷ್ಟೇ ಅಂತು, ಆದರೆ ಅವರದೇ. ಇಪ್ಪತ್ತರ ಹುಡುಗನ ಗಂಟಲು. ಚಿಕ್ಕತಾಯಿ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಳು. ಅಷ್ಟರಲ್ಲಿ ಕರಿಬೇವಿನ ಕೆಳಗೆ ಆ ದಿನದ ಹೂವು ಅರಳಿತು. "ಎಲ್ಲಿ? ಇಲ್ಲಾ? ಒಸಿ ಕೆಳಗಾ?"

ಆಮೇಲೆ ಆ ನಗು ಅಂಗಳದ ತುಂಬ. ಬೆಟ್ಟಯ್ಯ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ. ನನ್ನನ್ನೇ ನೋಡುತ್ತಿದ್ದ. ಅವರು ಹೋದಾಗಿಂದ ಅವನು "ಕೆರೆದ್ರಾ?" ಅಂತ ಕೇಳಿರಲಿಲ್ಲ, ಈಗಲೂ ಕೇಳಲಿಲ್ಲ. ನಾನೇ ಹೇಳಿದೆ.

"ಕೆರೆದೆ ಕಣಯ್ಯಾ ಬೆಟ್ಟಯ್ಯ."